ಹಳೆ ವಿದ್ಯಾರ್ಥಿನಿಗೊಂದು ಕನ್ನಡ ಬೈಬಲ್

ಅನುವಾದದ ಪುಸ್ತಕಗಳ ಕಷ್ಟ ಏನೆಂದು ಗಡಿಯ ಈಚೆ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳುವ ನಮಗೆ ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಮಕ್ಕಳ ಕೈಯಲ್ಲಿರುವ ವಿಜ್ಞಾನ, ಸಮಾಜ, ಗಣಿತ ಎಲ್ಲವೂ ಬೇರೆ ಭಾಷೆಯಲ್ಲಿ ಹುಟ್ಟಿ ಆಮೇಲೆ ಕನ್ನಡದ ಅಂಗಿ ತೊಟ್ಟುಕೊಂಡು ಬಂದವು. ಕೆಲವು ವಾಕ್ಯಗಳಿಗೆ ತಲೆ ಒಂದು ಪುಟದಲ್ಲಿ, ಬಾಲ ಇನ್ನೊಂದು ಪುಟದಲ್ಲಿ. ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಪಿರಿಯಡಿನ ಬೆಲ್ಲು ಹೊಡೆದಿರುತ್ತದೆ. ಅಕ್ಷರ ಕನ್ನಡದ್ದಾದ ಮಾತ್ರಕ್ಕೆ ಮಾತು ಕನ್ನಡದ್ದಾಗುವುದಿಲ್ಲ ಎಂಬುದು ನಮಗೆ ದಿನಾ ಕಾಣುವ ಸಂಗತಿ.

ಹಾಗಾಗಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿ "ಟೀಚರೇ, ಕನ್ನಡದಲ್ಲಿ ಬೈಬಲ್ ಯಾವುದು ತೆಗೊಳ್ಳಬೇಕು? ಓದಿದರೆ ಅರ್ಥ ಆಗುವಂಥದ್ದು ಹೇಳಿ" ಎಂದಾಗ ನಮಗೆ ಮೊದಲು ನೆನಪಾದದ್ದು ಧರ್ಮವಲ್ಲ, ಪಠ್ಯಪುಸ್ತಕ.

ಅವಳ ವಿಷಯ ಸ್ವಲ್ಪ ಹೇಳಬೇಕು. ಮನೆಮಾತು ತುಳು, ಕಲಿತದ್ದು ಹತ್ತನೆಯವರೆಗೂ ಕನ್ನಡ ಮಾಧ್ಯಮ. ಮದುವೆಯಾಗಿ ಹೋದದ್ದು ನಮ್ಮ ಜಿಲ್ಲೆಯ ಪೂರ್ವದ ಗುಡ್ಡಗಾಡಿನ ಕಡೆಗೆ. ಅಲ್ಲಿನ ಕ್ರೈಸ್ತ ಕುಟುಂಬಗಳಲ್ಲಿ ಬಹುಪಾಲು ತಿರುವಿದಾಂಕೂರಿನ ಕಡೆಯಿಂದ ವಲಸೆ ಬಂದು ಕಾಡು ಕಡಿದು ರಬ್ಬರು, ಮರಗೆಣಸು ಬೆಳೆಸಿದವರದು. ರಾಜಪುರಂನ ವಲಸೆ ನಡೆದದ್ದು 1943ರಲ್ಲಿ. ಇವಳದು ಪ್ರೀತಿಸಿ ಆದ ಮದುವೆ. ಹಲವು ವರ್ಷ ಗಂಡ ಅವನ ಇಗರ್ಜಿಗೆ, ಇವಳು ಇವಳ ದೇವಸ್ಥಾನಕ್ಕೆ ಅಂತ ನಡೆಯಿತು. ಕಳೆದ ವರ್ಷ ಇವಳು ತಾನಾಗಿಯೇ ತೀರ್ಮಾನಿಸಿ ಸ್ನಾನದೀಕ್ಷೆ ಪಡೆದಳು. ತವರಿನಲ್ಲಿ ತಾಯಿ ಕೆಲವು ತಿಂಗಳು ಮಾತು ಬಿಟ್ಟಿದ್ದರು. ಆ ತೀರ್ಮಾನ ಅವಳದು, ಆ ನೋವು ತಾಯಿಯದು. ನಾವು ಅದರಲ್ಲಿ ತೀರ್ಪು ಹೇಳುವವರಲ್ಲ.

ಅವಳ ಕಷ್ಟ ಬೇರೆಯೇ ಇತ್ತು. ಗಂಡನ ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ಎಲ್ಲರೂ ಕೂತು ಮಲಯಾಳದ ಬೈಬಲನ್ನು ಸರದಿಯಲ್ಲಿ ಓದುತ್ತಾರೆ. ಕೇರಳದ ಕಥೋಲಿಕ ಮನೆಗಳಲ್ಲಿ ಹೆಚ್ಚಾಗಿ ಕಾಣುವ, 1981ರಲ್ಲಿ ಬಂದ ಪಿ.ಒ.ಸಿ. ಅನುವಾದ ಅದು. ಇವಳ ಸರದಿ ಬಂದಾಗ ಪುಸ್ತಕ ಇವಳನ್ನು ದಾಟಿ ಮುಂದಿನವರಿಗೆ ಹೋಗುತ್ತದೆ. ಮಲಯಾಳ ಮಾತಾಡಲು ನೀರು ಕುಡಿದಷ್ಟು ಸಲೀಸು, ಅಕ್ಷರ ಮಾತ್ರ ಕೂಡಿಸಿ ಓದಬೇಕು. ನಮ್ಮ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಇಂಥವರು ಎಷ್ಟು ಮಂದಿ ಇದ್ದಾರೆಂದು ನಿಮಗೂ ಗೊತ್ತು. ಇಗರ್ಜಿಯಲ್ಲಿ ಅಚ್ಚನ್, ಮನೆಯಲ್ಲಿ ಗಂಡ, ಅತ್ತೆ, ನೆರೆಯ ಕನ್ಯಾಸ್ತ್ರೀಯರು ಎಲ್ಲರೂ ಪ್ರೀತಿಯಿಂದಲೇ ಹೇಳಿಕೊಡುತ್ತಾರಂತೆ. "ಎಲ್ಲರೂ ನನಗೆ ಅರ್ಥ ಹೇಳ್ತಾರೆ ಟೀಚರೇ. ಅದರಲ್ಲಿ ಬರೆದದ್ದು ಏನು ಅಂತ ನನಗೆ ಒಮ್ಮೆ ನಾನೇ ಓದಿ ನೋಡಬೇಕು" ಎಂದಳು. ಅಕ್ಷರ ಕಲಿಸಿದವರಿಗೆ ಇದಕ್ಕಿಂತ ದೊಡ್ಡ ಮಾತು ಬೇಕೇ?

ಕನ್ನಡಕ್ಕೆ ಬೈಬಲ್ ಬಂದು ಎರಡು ಶತಮಾನ ಆಗುತ್ತಾ ಬಂತು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರ ದುಡಿಮೆಯಿಂದ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿತು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು, 1841ರಲ್ಲಿ ಅವರ ಮುದ್ರಣಾಲಯ ಶುರುವಾಯಿತು, 1847ರಲ್ಲಿ ತುಳುವಿನ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಕಿಟೆಲರ ನಿಘಂಟು (1894) ಬಂದದ್ದೂ ಅದೇ ಮುದ್ರಣಾಲಯದಿಂದ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನದ ಮೇಲೆ 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನೇ ಬರೆದರು. ಅದನ್ನು ಕೊಟ್ಟರಾಗದೇ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಕಾವ್ಯ, ಆದರೆ ಸುಲಭದ ಪುಸ್ತಕ ಕೇಳಿದವಳಿಗೆ ಪೈಗಳ ಭಾಷೆಯನ್ನು ಕೊಡುವುದೆಂದರೆ ಒಂದನೇ ಕ್ಲಾಸಿನ ಮಗುವಿಗೆ ಗದುಗಿನ ಭಾರತ ಕೊಟ್ಟ ಹಾಗೆ!

ಒಂದು ಶನಿವಾರ ಅವಳನ್ನೇ ಶಾಲೆಗೆ ಬರಹೇಳಿದೆವು. ಮೇಜಿನ ಮೇಲೆ ಎರಡು ಪುಸ್ತಕ, ಪಕ್ಕದಲ್ಲಿ ಒಂದು ಮೊಬೈಲು. ಮೊದಲನೆಯದು ದಪ್ಪ ಕಪ್ಪು ರಟ್ಟಿನ ಹಳೆಯ 'ಸತ್ಯವೇದವು'. ಬಾಸೆಲ್ ಮಿಷನ್ ಪರಂಪರೆಯ ಹಿರಿಯರೊಬ್ಬರಿಂದ ಎರವಲು ತಂದದ್ದು. ಎರಡನೆಯದು ಬೈಬಲ್ ಸೊಸೈಟಿಯ ಈಚಿನ ಅನುವಾದ. ಸಮಕಾಲೀನ ಭಾಷೆಯದೆಂದು ಅದಕ್ಕೆ 'ಸಿ.ಎಲ್.' ಎಂಬ ಗುರುತು ಇರುತ್ತದೆ. ಇದನ್ನು ತಂದವರು ಕೊಂಕಣಿ ಮನೆಮಾತಿನ ನಮ್ಮ ಸಹೋದ್ಯೋಗಿ ಟೀಚರು, ಬೇಳದ ಕಡೆಯವರು. 1890ರಲ್ಲಿ ಕಟ್ಟಿದ ಬೇಳದ ಶೋಕಮಾತೆಯ ಇಗರ್ಜಿ ನೀವು ನೋಡಿರಬಹುದು, ಕೇರಳದ ನೆಲದಲ್ಲಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಮೂರನೆಯದು 'ಪರಿಶುದ್ಧ ಬೈಬಲ್' ಎಂಬ ಹೆಸರಿನ ಸುಲಭ ಅನುವಾದ, 1997ರದ್ದು. ಅದನ್ನು ಮೊಬೈಲಿನಲ್ಲಿ ತೆರೆದಿಟ್ಟೆವು. ಈಗ ಯೂವರ್ಷನ್ ಎಂಬ ಆ್ಯಪಿನಲ್ಲಿ ಈ ಮೂರೂ ಅನುವಾದಗಳು ಪುಕ್ಕಟೆ ಸಿಗುತ್ತವೆ. ಕೊಳ್ಳುವ ಮೊದಲು ಒಂದೇ ಭಾಗವನ್ನು ಮೂರರಲ್ಲೂ ಓದಿ ನೋಡುವುದು ಯಾರಿಂದಲೂ ಆಗುವ ಕೆಲಸ.

ಓದಿಸಿ ನೋಡುವುದಕ್ಕೂ ಒಂದು ಕ್ರಮ ಬೇಕು. ಟಿ.ಸಿ.ಎಚ್. ಕಲಿಯುವಾಗ ನಮಗೆ ಹೇಳಿಕೊಟ್ಟದ್ದು, ಮಗು ಗಟ್ಟಿಯಾಗಿ ಓದುವಾಗ ಉಸಿರು ಎಲ್ಲಿ ಕಡಿಯುತ್ತದೆಂದು ನೋಡಿ ಎಂದು. ವಾಕ್ಯದ ನಡುವೆ, ಅರ್ಥ ಇಲ್ಲದಲ್ಲಿ ಉಸಿರು ಕಡಿದರೆ ಆ ಪಾಠ ಮಗುವಿಗೆ ಭಾರ. ಮೊದಲು ಲೂಕನ 15ನೇ ಅಧ್ಯಾಯದ ಕಳೆದ ನಾಣ್ಯದ ಕಥೆ ಓದಿಸಿದೆವು. ಮೂರರಲ್ಲೂ ಸಲೀಸಾಗಿ ಓದಿದಳು. ಹಳೆಯ ಸತ್ಯವೇದದ 'ಇರಲಾಗಿ', 'ಯಾಕಂದರೆ' ಇತ್ಯಾದಿಗಳನ್ನು ಕಂಡು ನಕ್ಕಳು, ಅಷ್ಟೇ. ಕಥೆಯನ್ನು ಓದಿಸಿದರೆ ಎಲ್ಲ ಪುಸ್ತಕವೂ ಸುಲಭವೇ. ಪರೀಕ್ಷೆ ಮಾಡಬೇಕಾದದ್ದು ಪೌಲನ ಪತ್ರಗಳಲ್ಲಿ. ಎಫೆಸದವರಿಗೆ ಬರೆದ ಪತ್ರದ ಮೊದಲನೇ ಅಧ್ಯಾಯದಲ್ಲಿ 3ರಿಂದ 14ರವರೆಗಿನ ವಚನಗಳು ಮೂಲ ಗ್ರೀಕಿನಲ್ಲಿ ಒಂದೇ ವಾಕ್ಯವಂತೆ! ಕ್ರಿಯಾಪದ ಕೊನೆಗೆ ಬರುವ ನಮ್ಮ ಕನ್ನಡದಲ್ಲಿ ಅದು ಏನಾಗಬೇಡ?

ಅಲ್ಲಿ ವ್ಯತ್ಯಾಸ ಗೊತ್ತಾಯಿತು. ಹಳೆಯದರಲ್ಲಿ ಅವಳು ನಾಲ್ಕು ಕಡೆ ತಡೆದಳು, ಎರಡು ಸಲ ಹಿಂದಕ್ಕೆ ಹೋಗಿ ಓದಿದಳು. ಸಿ.ಎಲ್.ನಲ್ಲಿ ಒಂದೆರಡು ಕಡೆ ತಡೆದಳು. ಸುಲಭ ಅನುವಾದದಲ್ಲಿ ವಾಕ್ಯಗಳನ್ನು ತುಂಡು ತುಂಡು ಮಾಡಿಟ್ಟಿದ್ದಾರೆ, ನಮ್ಮ ನಾಲ್ಕನೇ ಕ್ಲಾಸಿನವರೂ ಓದಬಹುದು. ಇದರ ಹಿಂದೆ ಒಂದು ಕಥೆಯಿದೆ. ಈ ಬಗೆಯ ಸುಲಭ ಅನುವಾದವನ್ನು ಇಂಗ್ಲಿಷಿನಲ್ಲಿ ಮೊದಲು ಮಾಡಿದ್ದು ಕಿವಿ ಕೇಳದವರಿಗಾಗಿ. ಸನ್ನೆಯೇ ಮೊದಲ ಭಾಷೆಯಾದವರಿಗೆ ಉದ್ದ ವಾಕ್ಯದ ಇಂಗ್ಲಿಷು ಪರಭಾಷೆ ಇದ್ದ ಹಾಗೆ. ಅವರಿಗೆಂದು 1978ರಲ್ಲಿ ಹೊಸ ಒಡಂಬಡಿಕೆಯನ್ನು ಚಿಕ್ಕ ವಾಕ್ಯಗಳಲ್ಲಿ ತಂದರು. ಅದೇ ದಾರಿ ಹಿಡಿದು ಆಮೇಲೆ ಬೇರೆ ಬೇರೆ ಭಾಷೆಗಳಿಗೂ ಸುಲಭ ಬೈಬಲುಗಳು ಬಂದವು. ನಮಗೆ ಇದು ತುಂಬ ಹಿಡಿಸಿತು. ಓದಲು ಅತಿ ಕಷ್ಟಪಡುವವರನ್ನು ಮುಂದೆ ಕೂರಿಸಿಕೊಂಡು ಮಾಡಿದ ಪುಸ್ತಕ ಎಲ್ಲರಿಗೂ ಸುಲಭವಾಗುತ್ತದೆ. ಪಠ್ಯಪುಸ್ತಕ ಬರೆಯುವವರೂ ಒಮ್ಮೆ ಹೀಗೆ ಮಾಡಬಾರದೇ!

ಆದರೆ ಸುಲಭ ಮಾಡುವಾಗ ಕಳೆಯುವುದೂ ಇದೆ. ಮೂಲದ ಮಾತಿಗೆ ಎರಡು ಅರ್ಥ ಬರುವಲ್ಲಿ ಸುಲಭ ಮಾಡುವವರು ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕಾಗುತ್ತದೆ. ಬಿಟ್ಟದ್ದು ಓದುವವರ ಕಣ್ಣಿಗೆ ಬೀಳುವುದೇ ಇಲ್ಲ. ಜೊತೆಗೆ ಶಬ್ದಗಳ ತೊಡಕು. ಹಳೆಯ ಸತ್ಯವೇದದಲ್ಲಿ 'ದೀಕ್ಷಾಸ್ನಾನ', ಸಿ.ಎಲ್.ನಲ್ಲಿ 'ಸ್ನಾನದೀಕ್ಷೆ'. ಅಲ್ಲಿ 'ಸುವಾರ್ತೆ', ಇಲ್ಲಿ 'ಶುಭಸಂದೇಶ'. ಅಲ್ಲಿ 'ಯೆಹೋವ', ಇಲ್ಲಿ 'ಸರ್ವೇಶ್ವರ'. ಅಲ್ಲಿನ ಯೋಹಾನ ಇಲ್ಲಿ ಯೊವಾನ್ನ. ಹೊಸಬರು ಇವರಿಬ್ಬರೂ ಬೇರೆ ಬೇರೆ ಎಂದು ತಿಳಿದರೆ ಆಶ್ಚರ್ಯವಿಲ್ಲ. ಯಾವ ಸಭೆಗೆ ಹೋಗುತ್ತಾರೋ ಆ ಸಭೆಯ ಶಬ್ದ ಇರುವ ಪುಸ್ತಕ ಕೈಯಲ್ಲಿದ್ದರೆ ಅರ್ಧ ಗೊಂದಲ ಕಡಿಮೆ.

ಇದಕ್ಕಿಂತ ದೊಡ್ಡ ವಿಷಯ ಬೇಳದ ಟೀಚರು ಹೇಳುವವರೆಗೆ ನಮಗೆ ಹೊಳೆದಿರಲಿಲ್ಲ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಗ್ರಂಥಗಳು, ಕಥೋಲಿಕರದ್ದರಲ್ಲಿ 73. ಹೊಸ ಒಡಂಬಡಿಕೆಯ 27 ಇಬ್ಬರಿಗೂ ಸಮಾನ. ಹಳೆಯದರಲ್ಲಿ ಅವರಿಗೆ 39, ಇವರಿಗೆ 46. ತೋಬಿತ, ಯೂದಿತ, ಸಿರಾಖ, ಮಕ್ಕಬಿಯರು ಇತ್ಯಾದಿ ಹೆಚ್ಚಿನವು. ಅವಳು ಹೋಗುವುದು ಕಥೋಲಿಕ ಇಗರ್ಜಿಗೆ. ಅಲ್ಲಿ ಸಿರಾಖನ ಗ್ರಂಥದಿಂದ ಓದಿದ ದಿನ ಇವಳು ತನ್ನ ಪುಸ್ತಕ ತೆರೆದರೆ ಆ ಗ್ರಂಥವೇ ಇರುವುದಿಲ್ಲ! ಓದಲು ಬಾರದೆ ಸುಮ್ಮನೆ ಕೂತದ್ದು ಸಾಲದೆಂದು, ಈಗ ಪುಸ್ತಕ ಇದ್ದೂ ಸುಮ್ಮನೆ ಕೂರಬೇಕು. ಕಥೋಲಿಕರಲ್ಲಿ ಬೈಬಲ್ ಮುದ್ರಿಸಲು ಧರ್ಮಾಧ್ಯಕ್ಷರ ಕಡೆಯ ಒಪ್ಪಿಗೆ ಬೇಕು, ಅದು ಮೊದಲ ಪುಟಗಳಲ್ಲೇ ಅಚ್ಚಾಗಿರುತ್ತದೆ. ಸಿ.ಎಲ್. ಅನುವಾದ ಈ ಹೆಚ್ಚಿನ ಗ್ರಂಥಗಳನ್ನು ಸೇರಿಸಿಯೂ ಸಿಗುತ್ತದೆ, ಸೇರಿಸದೆಯೂ ಸಿಗುತ್ತದೆ. ಅಂಗಡಿಯಲ್ಲಿ ಹೊರಗಿನ ರಟ್ಟು ನೋಡಿ ಹಣ ಕೊಡುವ ಬದಲು ಪರಿವಿಡಿ ತೆರೆದು ಎಣಿಸುವುದು ಒಳ್ಳೆಯದು.

ಇನ್ನು 'ಅಧ್ಯಯನ ಬೈಬಲ್' ಎಂಬುದರ ವಿಚಾರ. ಅವಳ ಪರಿಚಯದವರೊಬ್ಬರು, ತೆಗೊಳ್ಳುವುದಾದರೆ ಅಧ್ಯಯನದ್ದೇ ತೆಗೋ, ಕೆಳಗೆ ಎಲ್ಲ ವಿವರಣೆ ಇರುತ್ತದೆ ಎಂದಿದ್ದರಂತೆ. ಇಂಥ ಪುಸ್ತಕದ ಪುಟದಲ್ಲಿ ಮೇಲರ್ಧ ಮೂಲ, ಕೆಳಗರ್ಧ ಚಿಕ್ಕಕ್ಷರದ ಟಿಪ್ಪಣಿ. ಗ್ರಂಥಕ್ಕೊಂದು ಪೀಠಿಕೆ, ನಕಾಶೆ, ಪದಸೂಚಿ ಎಲ್ಲ ಇರುತ್ತದೆ. ಉಪಯೋಗದ ವಸ್ತು, ಇಲ್ಲವೆನ್ನುವಂತಿಲ್ಲ. ಆದರೆ ಪಾರ್ತಿಸುಬ್ಬನ ಊರಿನ ಕಡೆಯವರಾದ ನಮಗೆ ಅದನ್ನು ಕಂಡಾಗ ನೆನಪಾದದ್ದು ತಾಳಮದ್ದಳೆ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಅರ್ಥ ಹೇಳುತ್ತಾರೆ. ಎರಡು ಸಾಲಿನ ಪದಕ್ಕೆ ಅರ್ಧ ಗಂಟೆಯ ಅರ್ಥ. ಒಬ್ಬರ ಕೃಷ್ಣ ಇನ್ನೊಬ್ಬರ ಕೃಷ್ಣನಂತಿಲ್ಲ, ಅದಕ್ಕೇ ನಾವು ರಾತ್ರಿಯಿಡೀ ಕೂರುವುದು. ಆದರೆ ಎಷ್ಟೇ ಚಿಕ್ಕ ಮಗುವಿಗೂ ಅಲ್ಲಿ ಪದ ಯಾವುದು, ಅರ್ಥ ಯಾವುದು ಎಂದು ಗೊತ್ತು. ಒಂದು ಹಾಡು, ಇನ್ನೊಂದು ಮಾತು. ಅಧ್ಯಯನ ಬೈಬಲಿನಲ್ಲಿ ಈ ವ್ಯತ್ಯಾಸ ತಿಳಿಯುವುದು ಅಕ್ಷರದ ಗಾತ್ರದಿಂದ ಮಾತ್ರ. ಹೊಸದಾಗಿ ಓದುವವರಿಗೆ ಎರಡೂ ಒಂದೇ ರಟ್ಟಿನೊಳಗೆ, ಒಂದೇ ಗೌರವದ ಮಾತುಗಳಾಗಿ ಕಾಣುತ್ತವೆ. ಟಿಪ್ಪಣಿ ಬರೆದವರಿಗೂ ಒಂದು ಸಭೆ, ಒಂದು ಪಕ್ಷ ಇರುತ್ತದೆ. ಮಕ್ಕಳಿಗೆ ದೀಕ್ಷೆ ಕೊಡಬಹುದೇ, ಲೋಕದ ಕೊನೆ ಹೇಗೆ ಎಂಬಲ್ಲೆಲ್ಲ ಒಬ್ಬೊಬ್ಬರದು ಒಂದೊಂದು ಅರ್ಥಗಾರಿಕೆ. ಬರೆದದ್ದು ಏನೆಂದು ತಾನೇ ನೋಡಬೇಕೆಂದು ಹೊರಟವಳ ಕೈಗೆ ಮೊದಲೇ ಅರ್ಥಧಾರಿಯನ್ನು ಕೊಟ್ಟರೆ ಅವಳು ಕೇಳಿದ್ದನ್ನು ನಾವು ಕೊಟ್ಟಂತಾಗಲಿಲ್ಲ. ಹತ್ತನೇ ಕ್ಲಾಸಿನ ಮಕ್ಕಳು ಪಾಠ ಬಿಟ್ಟು ಗೈಡ್ ಮಾತ್ರ ಓದುವುದನ್ನು ನಾವು ಸಾಕಷ್ಟು ಕಂಡಿದ್ದೇವೆ.

ಹಾಗೆಂದು ಟಿಪ್ಪಣಿಯೇ ಬೇಡವೆಂದರೆ ಕೆಲವು ಕಥೆಗಳ ಬಾಗಿಲೇ ತೆರೆಯುವುದಿಲ್ಲ. ಮತ್ತಾಯನ 20ನೇ ಅಧ್ಯಾಯದಲ್ಲಿ ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆ ಬಂದವರಿಗೂ ಸಂಜೆ ಬಂದವರಿಗೂ ಒಂದೇ ನಾಣ್ಯ ಕೊಡುತ್ತಾನೆ. ಆ ದೆನಾರಿ ನಾಣ್ಯ ಆಗಿನ ಒಂದು ದಿನದ ಕೂಲಿ ಎಂದು ಕೆಳಗೆ ಒಂದು ಸಾಲು ಇದ್ದರೆ ಸಾಕು, ಕಂಗಿನ ತೋಟಕ್ಕೆ ಆಳು ಕರೆಯುವ ನಮ್ಮೂರಿನವರಿಗೆ ಮಿಕ್ಕದ್ದನ್ನು ಯಾರೂ ಹೇಳಬೇಕಾಗಿಲ್ಲ. (ನಮ್ಮಲ್ಲಾದರೆ ಮರುದಿನವೇ ಯೂನಿಯನ್ನಿನವರು ಬರುತ್ತಿದ್ದರು.) ಮತ್ತಾಯನ 18ರಲ್ಲಿ ಒಬ್ಬ ಸೇವಕನಿಗೆ ಹತ್ತು ಸಾವಿರ ತಲಾಂತು ಸಾಲ. ರಾಜ ಅದನ್ನು ಮನ್ನಾ ಮಾಡುತ್ತಾನೆ. ಅವನೋ ಹೊರಗೆ ಬಂದು ನೂರು ದೆನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ತಲಾಂತು ಎಂದರೆ ಆರು ಸಾವಿರ ದೆನಾರಿ. ವರ್ಷಕ್ಕೆ 300 ದಿನದ ಕೆಲಸವೆಂದು ಹಿಡಿದರೆ ಒಂದು ತಲಾಂತು 20 ವರ್ಷದ ಕೂಲಿ, ಹತ್ತು ಸಾವಿರ ತಲಾಂತು 6 ಕೋಟಿ ದಿನದ ಕೂಲಿ. ಅಂದರೆ 2 ಲಕ್ಷ ವರ್ಷ! ಬೋರ್ಡಿನಲ್ಲಿ ಈ ಲೆಕ್ಕ ಮಾಡಿ ತೋರಿಸಿದಾಗ ಅವಳಿಗಿಂತ ಹೆಚ್ಚು ಬಾಯಿ ಬಿಟ್ಟು ನೋಡಿದವರು ನಮ್ಮ ಗಣಿತದ ಮಾಷ್ಟ್ರು. ಒಳ್ಳೆಯ ಸಮಾರ್ಯದವನ ಕಥೆಗೂ ಹೀಗೆಯೇ, ಆ ಕಾಲದಲ್ಲಿ ಯೆಹೂದ್ಯರಿಗೂ ಸಮಾರ್ಯದವರಿಗೂ ಆಗಿಬರುತ್ತಿರಲಿಲ್ಲ ಎಂದು ಗೊತ್ತಿಲ್ಲದಿದ್ದರೆ ಅದು ಬರೀ ಒಬ್ಬ ದಾರಿಹೋಕನ ಕಥೆ. ವಸ್ತು ಏನೆಂದು ಹೇಳುವ ಟಿಪ್ಪಣಿ ಬೇಕು, ನೀನು ಏನು ನಂಬಬೇಕೆಂದು ಹೇಳುವ ಟಿಪ್ಪಣಿ ಆಮೇಲೆ ನೋಡೋಣ, ಅದಕ್ಕೆ ಅಚ್ಚನ್ ಇದ್ದಾರೆ ಎಂದೆವು. ಪುಸ್ತಕ ಕೊಳ್ಳುವವರು ಈ ಮೂರು ಕಡೆ ತೆರೆದು ಕೆಳಗೆ ಏನು ಬರೆದಿದ್ದಾರೆಂದು ನೋಡಿದರೆ ಆ ಪುಸ್ತಕದ ಸ್ವಭಾವ ಗೊತ್ತಾಗುತ್ತದೆ.

ಅಕ್ಷರದ ಗಾತ್ರವನ್ನೂ ಮರೆಯಬೇಡಿ. ಬೈಬಲಿಗೆ ಬಳಸುವುದು ತೆಳುವಾದ ಕಾಗದ. ಹಿಂದಿನ ಪುಟದ ನೆರಳು ಮುಂದಕ್ಕೆ ಕಾಣುತ್ತದೆ. ಇಂಗ್ಲಿಷಿಗೆ ಅದು ಅಷ್ಟು ತೊಂದರೆ ಮಾಡದು, ನಮ್ಮ ಒತ್ತಕ್ಷರಗಳು ಆ ನೆರಳಿನಲ್ಲಿ ಮಾಯವಾಗುತ್ತವೆ. ಕೈಚೀಲದಲ್ಲಿ ಹಿಡಿಯುವ ಚಿಕ್ಕ ಪುಸ್ತಕ ಚಂದವೇ, ಆದರೆ ಸಂಜೆಯ ಬೆಳಕಿನಲ್ಲಿ ಗಟ್ಟಿಯಾಗಿ ಓದಬೇಕಾದವರು ದೊಡ್ಡಕ್ಷರದ್ದನ್ನೇ ತೆಗೆದುಕೊಳ್ಳಲಿ.

ಎಲ್ಲ ನೋಡಿ ನಾವು ಹೇಳಿದ್ದು ಇಷ್ಟು. ಕೈಯಲ್ಲಿರುವ ಪುಸ್ತಕ 73 ಗ್ರಂಥಗಳ, ದೊಡ್ಡಕ್ಷರದ ಸಿ.ಎಲ್. ಆಗಲಿ. ಪೌಲನಲ್ಲಿ ಸಿಕ್ಕಿಬಿದ್ದಾಗ ಮೊಬೈಲಿನಲ್ಲಿ ಸುಲಭ ಅನುವಾದ ತೆರೆದು, ಮತ್ತೆ ಪುಸ್ತಕಕ್ಕೆ ಬರಲಿ. ಅಧ್ಯಯನದ ದೊಡ್ಡ ಪುಸ್ತಕ ಒಂದು ವರ್ಷ ಕಳೆದ ಮೇಲೆ, ಬೇಕೆನಿಸಿದರೆ. ಓದಲು ಶುರು ಮಾಡುವುದು ಆದಿಕಾಂಡದಿಂದ ಬೇಡ. ಮೊದಲ ಪುಟದಿಂದ ಹೊರಟ ಎಷ್ಟೋ ಜನ ಯಾಜಕಕಾಂಡದ ಬಲಿವಿಧಿಗಳಲ್ಲಿ ಕೂತುಬಿಡುತ್ತಾರೆ. ಮಾರ್ಕನಿಂದ ಹೊರಡಲಿ. ನಾಲ್ಕು ಶುಭಸಂದೇಶಗಳಲ್ಲಿ ಚಿಕ್ಕದು, 16 ಅಧ್ಯಾಯ. ಆಮೇಲೆ ಲೂಕ. ಹಳೆಯ ಸತ್ಯವೇದ ತಂದುಕೊಟ್ಟ ಹಿರಿಯರಿಗೆ ಇದು ಅಷ್ಟು ಸರಿಬರಲಿಲ್ಲ. ಸಣ್ಣಂದಿನಿಂದ ಬಾಯಿಪಾಠವಾದ ಗಂಭೀರವಾದ ಮಾತು ಬಿಟ್ಟು ಸಲೀಸಿನದು ಯಾಕೆ ಎಂಬುದು ಅವರ ಬೇಸರ. ಅವರ ಮಾತೂ ಸುಳ್ಳಲ್ಲ. ಹಳೆಯದರ ಗತ್ತು ಕಿವಿಗೆ ಬೇರೆಯೇ. ಆದರೆ ಆ ಗತ್ತು ಬಂದದ್ದು ಅರುವತ್ತು ವರ್ಷ ಕೇಳಿ ಕೇಳಿ. ಇವಳಿಗೆ ಈಗಷ್ಟೇ ಶುರು.

ಈ ಉಸಾಬರಿ ನಿಮಗೆ ಯಾಕೆ ಎಂದು ಕೇಳಿದವರೂ ಇದ್ದಾರೆ. ಸರಕಾರಿ ಶಾಲೆಯ ಟೀಚರಿಗೆ ಬೈಬಲಿನ ಕೆಲಸವೇನು ಎಂದು. ನಾವು ಯಾರನ್ನೂ ಎಲ್ಲಿಗೂ ಕರೆದವರಲ್ಲ. ನಾವೇ ಅಕ್ಷರ ಕಲಿಸಿದವಳು ಆ ಅಕ್ಷರದಲ್ಲಿ ಓದಲು ಪುಸ್ತಕ ಯಾವುದೆಂದು ಕೇಳಿದಳು. ಕುರಾನಿನ ಕನ್ನಡ ಅನುವಾದ ಯಾವುದು ಒಳ್ಳೆಯದೆಂದು, ಗೀತೆಗೆ ಸುಲಭದ ತಾತ್ಪರ್ಯ ಯಾವುದೆಂದು ಕೇಳಿದ್ದರೂ ಇಷ್ಟೇ ಹುಡುಕುತ್ತಿದ್ದೆವು. ಹತ್ತನೆಯ ಪರೀಕ್ಷೆ ಮುಗಿದ ಮೇಲೆ ಕನ್ನಡ ಪುಸ್ತಕ ಕೇಳಿಕೊಂಡು ಬರುವವರು ವರ್ಷಕ್ಕೆ ಎಷ್ಟು ಮಂದಿ ಇರುತ್ತಾರೆ, ನೀವೇ ಹೇಳಿ.

ಪುಸ್ತಕ ಮಂಗಳೂರಿನಿಂದ ತರಿಸಿಕೊಂಡಳು. ಈಗ ಸಂಜೆ ಸರದಿ ಬಂದಾಗ ಅದೇ ಭಾಗವನ್ನು ಕನ್ನಡದಲ್ಲಿ ಓದುತ್ತಾಳಂತೆ. ಮನೆಯವರಿಗೆ ಪೂರ್ತಿ ತಿಳಿಯದಿದ್ದರೂ ಹೆಸರುಗಳು ಸಿಗುತ್ತವೆ, ಕೂತು ಕೇಳುತ್ತಾರೆ. ಮಾರ್ಕ ಮುಗಿದು ಲೂಕನಲ್ಲಿದ್ದಾಳೆ. ಮೊನ್ನೆ ತವರಿಗೆ ಬಂದಾಗ ಪುಸ್ತಕ ಚೀಲದಲ್ಲೇ ಇತ್ತು. ತಾಯಿಯೇ ಅದು ಯಾವ ಪುಸ್ತಕ, ಓದು ನೋಡುವಾ ಎಂದರಂತೆ. ಇವಳು ಆರಿಸಿದ್ದು ಕಳೆದ ನಾಣ್ಯದ ಕಥೆ. ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದು ಕಳೆದುಹೋಗಿ, ದೀಪ ಹಚ್ಚಿ ಮನೆಯೆಲ್ಲ ಗುಡಿಸಿ ಹುಡುಕುವ ಹೆಂಗಸಿನದು. ತಾಯಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಆ ನಾಣ್ಯಕ್ಕೆ ಬೆಲೆ ಎಷ್ಟು ಎಂದು ಕೇಳಿದರು. ಒಂದು ದಿನದ ಕೂಲಿಯಷ್ಟು ಎಂದಳು ಇವಳು. "ಹಾಗಾದರೆ ಸಾವಿರ ಬೀಡಿ ಕಟ್ಟಿದ್ದು ಹೋಯಿತಲ್ಲ. ಗುಡಿಸದೆ ಇರುತ್ತಾಳಾ?" ಎಂದರಂತೆ ತಾಯಿ, ತುಳುವಿನಲ್ಲಿ. ಆಮೇಲೆ ಮುಂದಿನ ಕಥೆ ಓದಲು ಹೇಳಿದರಂತೆ.